ಕಿಲೋವ್ಯಾಟ್ ಕೇಳುವ ಮೊದಲು ಪೈಪು ನೋಡಿ

ಕೊಡಗಿನ ಕಾಫಿ ತೋಟಗಳಲ್ಲಿ ತೊರೆಯ ನೀರಿನಿಂದ ಕರೆಂಟು ತೆಗೆಯುವ ಕಿರು ಘಟಕಗಳನ್ನು ಕೂರಿಸುವುದು ನನ್ನ ಕೆಲಸ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲಾಗುವ ಗಾಳಿಬೀಡಿನ ಕಡೆಯ ಒಂಟಿ ಮನೆಗಳಿಗೆ ಇದು ದೊಡ್ಡ ಆಸರೆ. ಮಾಲೀಕರೆಲ್ಲ ಮೊದಲು ಕೇಳುವುದು, ಎಷ್ಟು ಕಿಲೋವ್ಯಾಟ್ ಬರುತ್ತದೆ ಎಂದು. ನಾನು ಪೈಪಿನ ಮಾತು ತೆಗೆಯುತ್ತೇನೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಇಳಿದರೆ ಕಾಗದದ ಮೇಲೆ ಸುಮಾರು 2 ಕಿಲೋವ್ಯಾಟ್. ಅಡುಗೆಮನೆಗೆ ತಲುಪುವುದು ಹೆಚ್ಚೆಂದರೆ ಅದರ ಅರ್ಧ. ದುಡ್ಡು ಉಳಿಸಲೆಂದು 110 ಮಿ.ಮೀ. ಪೈಪಿನ ಬದಲು 90ರದ್ದು ಹಾಕಿದರೆ ಅಷ್ಟೇ ನೀರಿಗೆ ಘರ್ಷಣೆಯ ನಷ್ಟ ಎರಡೂವರೆ ಪಟ್ಟು ದಾಟುತ್ತದೆ. ಆನೆ ತುಳಿದರಂತೂ ನೂರಕ್ಕೆ ನೂರು ನಷ್ಟ, ಅದಕ್ಕೆ ಸೂತ್ರವಿಲ್ಲ.

ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗನಿಗೆ ಈಚೆಗೆ ಸಮುದ್ರದ ಉಷ್ಣಶಕ್ತಿಯ ಹುಚ್ಚು ಹಿಡಿದಿದೆ. ನಮ್ಮ ತೊರೆ ಬೇಸಿಗೆಗೆ ಸೊರಗುತ್ತದೆ, ಸಮುದ್ರ ವರ್ಷವಿಡೀ ಹಗಲೂ ರಾತ್ರಿ ಕೊಡುತ್ತದಲ್ಲ ಎನ್ನುತ್ತಾನೆ. ಮಾತು ಸರಿಯೇ. ಉಷ್ಣವಲಯದಲ್ಲಿ ಕಡಲ ಮೇಲ್ಮೈ ನೀರು 26–28 ಡಿಗ್ರಿ, ಒಂದು ಕಿಲೋಮೀಟರ್ ಆಳದಲ್ಲಿ 5 ಡಿಗ್ರಿಯ ಆಸುಪಾಸು. ಬೆಚ್ಚನೆಯ ನೀರು ಅಮೋನಿಯಾವನ್ನು ಕುದಿಸುತ್ತದೆ, ಆ ಆವಿ ಟರ್ಬೈನ್ ತಿರುಗಿಸುತ್ತದೆ, ಆಳದ ತಣ್ಣೀರು ಅದನ್ನು ಮತ್ತೆ ದ್ರವವಾಗಿಸುತ್ತದೆ. ಹಡಗಿನಲ್ಲಿ ಡೀಸೆಲ್ ತರಿಸಿಕೊಂಡು ದೀಪ ಹಚ್ಚುವ ಲಕ್ಷದ್ವೀಪದಂಥ ಕಡೆಗೆ ಇದಕ್ಕಿಂತ ಇನ್ನೇನು ಬೇಕು?

ಅವನ ನೋಟುಪುಸ್ತಕದಲ್ಲಿ ಟರ್ಬೈನಿನ ಒಂದೊಂದು ಅಲಗೂ ಇತ್ತು. ಆಳದ ತಣ್ಣೀರನ್ನು ಮೇಲೆ ತರುವ ಪೈಪು ಮಾತ್ರ ಒಂದೇ ಗೆರೆ.

ಕಷ್ಟವೆಲ್ಲ ಆ ಗೆರೆಯಲ್ಲೇ ಇದೆ. ಇಪ್ಪತ್ತು ಡಿಗ್ರಿ ಅಂತರದಲ್ಲಿ ಸಿದ್ಧಾಂತವೇ ಸುಮಾರು ಶೇ. 7ಕ್ಕಿಂತ ಹೆಚ್ಚು ದಕ್ಷತೆ ಕೊಡದು. ಕೈಗೆ ಸಿಗುವುದು ಇನ್ನೂ ಕಡಿಮೆ. ಹಾಗಾಗಿ ಒಂದು ಮೆಗಾವ್ಯಾಟ್‌ಗೆ ಸೆಕೆಂಡಿಗೆ ಸಾವಿರಾರು ಲೀಟರ್ ನೀರು ಬೇಕು, ಅದನ್ನು ಎತ್ತುವ ಪಂಪು ನಮ್ಮದೇ ಕರೆಂಟನ್ನು ತಿನ್ನುತ್ತದೆ. ನಮ್ಮ ತೊರೆ ತಾನಾಗಿ ಇಳಿಯುತ್ತದೆ, ಆ ನೀರು ಏರಬೇಕು. 1930ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಕ್ಲೋಡ್ ಇದೇ ವಿಧಾನದಿಂದ ಕ್ಯೂಬಾದ ಕಡಲತೀರದಲ್ಲಿ 22 ಕಿಲೋವ್ಯಾಟ್ ತೆಗೆದರು. ಪಂಪುಗಳು ಅದಕ್ಕಿಂತ ಹೆಚ್ಚು ನುಂಗಿದವು. 1979ರಲ್ಲಿ ಹವಾಯಿಯ ಪ್ರಯೋಗ ಸುಮಾರು 50 ಕಿಲೋವ್ಯಾಟ್ ಉತ್ಪಾದಿಸಿತು, ಉಳಿದದ್ದು 20ಕ್ಕಿಂತ ಕಡಿಮೆ. ಆದರೂ ಉಳಿಯಿತು ಎಂಬುದೇ ಆಗ ದೊಡ್ಡ ಸುದ್ದಿ. ನಮ್ಮ ದೇಶದ 1 ಮೆಗಾವ್ಯಾಟ್ ಯೋಜನೆ ತೂತ್ತುಕುಡಿಯ ಬಳಿ ಎಡವಿದ್ದೂ ಆಳಕ್ಕೆ ಪೈಪು ಇಳಿಸುವಾಗಲೇ.

ಹಾಗೆಂದು ಅವನ ಉತ್ಸಾಹಕ್ಕೆ ನಾನು ತಣ್ಣೀರೆರಚಲಿಲ್ಲ. ಲಕ್ಷದ್ವೀಪದ ರಾಜಧಾನಿ ಕವರತ್ತಿಯನ್ನು ತೋರಿಸಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಅಲ್ಲಿ ಇದೇ ಉಷ್ಣತೆಯ ಅಂತರದಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವ ಘಟಕ ಕಟ್ಟಿತು. ನಿರ್ವಾತದಲ್ಲಿ ಮೇಲಿನ ನೀರು ಆವಿಯಾಗುತ್ತದೆ, ಆಳದ ನೀರಿನ ತಂಪಿಗೆ ಆವಿ ಮತ್ತೆ ನೀರಾಗುತ್ತದೆ. ಸಣ್ಣ ದ್ವೀಪ ಶುರುಮಾಡಬೇಕಾದದ್ದು ಇಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. ಒಮ್ಮೆ ಮೇಲೆ ಬಂದ ತಣ್ಣೀರು ಕರೆಂಟಿಗೂ ಕುಡಿಯುವ ನೀರಿಗೂ ಕಟ್ಟಡ ತಂಪಾಗಿಸುವುದಕ್ಕೂ ದುಡಿದರೆ ಪೈಪಿನ ಖರ್ಚು ಒಬ್ಬರ ತಲೆಯ ಮೇಲೆಯೇ ಬೀಳುವುದಿಲ್ಲ.