ಮಟ್ಟಾಂಚೇರಿ: ನಿಂತ ಸಿನಗಾಗ್, ಬಿದ್ದ ಸಿನಗಾಗ್

ಕೊಚ್ಚಿಯ ಜ್ಯೂ ಟೌನ್ ನೋಡಲು ಶುಕ್ರವಾರ, ಶನಿವಾರ ಹೋಗಬೇಡಿ. ಶುಕ್ರವಾರ ಪಕ್ಕದ ಮಟ್ಟಾಂಚೇರಿ ಅರಮನೆಗೆ ರಜೆ, ಶನಿವಾರ ಯಹೂದಿಗಳ ವಿಶ್ರಾಂತಿ ದಿನ ಸಬ್ಬತ್ ಆದ್ದರಿಂದ ಅವರ ಪ್ರಾರ್ಥನಾಮಂದಿರ ಸಿನಗಾಗ್‌ಗೆ ಬೀಗ. ನಾವು ಮಂಗಳವಾರ ಬಾಗಿಲು ತೆರೆಯುವ ಹೊತ್ತಿಗೇ ಪರದೇಶಿ ಸಿನಗಾಗ್ ಮುಂದಿದ್ದೆವು. ಟೂರಿಸ್ಟ್ ಬಸ್ಸುಗಳು ಬಂದುಬಿಟ್ಟರೆ ಅಲ್ಲಿನ ನೆಲ ಕಾಣುವುದಿಲ್ಲ, ನೋಡಬೇಕಾದದ್ದು ನೆಲವನ್ನೇ.

ಕಟ್ಟಡ 1568ರದು. ನೆಲದ ನೀಲಿ-ಬಿಳಿ ಪಿಂಗಾಣಿ ಬಿಲ್ಲೆಗಳು ಹದಿನೆಂಟನೇ ಶತಮಾನದಲ್ಲಿ ಚೀನಾದಿಂದ ಬಂದವು. ಒಂದೊಂದನ್ನೂ ಕೈಯಲ್ಲೇ ಬರೆದದ್ದು. ಅಕ್ಕಪಕ್ಕದ ಎರಡನ್ನು ಹೋಲಿಸಿದರೆ ಮರದ ಕೊಂಬೆಯಲ್ಲೋ ಗೆರೆಯ ದಪ್ಪದಲ್ಲೋ ವ್ಯತ್ಯಾಸ ಸಿಗುತ್ತದೆ. ಚಪ್ಪಲಿ ಹೊರಗೇ ಬಿಡಬೇಕು. ಹೆಚ್ಚಿನವರು ತಲೆಯೆತ್ತಿ ಗಾಜಿನ ತೂಗುದೀಪ ನೋಡಿ ಹೊರಟುಬಿಡುತ್ತಾರೆ. ಮಹಡಿಯಲ್ಲಿ, ಹೆಂಗಸರ ಜಾಗದ ಮುಂದೆ, ಧರ್ಮಗ್ರಂಥ ಓದುವ ಎರಡನೇ ಪಾರಾಯಣ ಪೀಠವಿದೆ. ಅದು ಕೇರಳದ ಸಿನಗಾಗ್‌ಗಳ ವಿಶೇಷ.

ಅಂಗಡಿಗಳ ಬೀದಿ ಈಗ ಗಿಜಿಗುಟ್ಟುತ್ತದೆ. ಯಹೂದಿ ಸಮುದಾಯದ ಬಹುಪಾಲು ಜನ ಮಾತ್ರ 1950ರ ದಶಕದಿಂದ ಇಸ್ರೇಲ್‌ಗೆ ಹೋದರು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕ ಗಂಡಸರು ಬೇಕು. ಹೊರಗಿನಿಂದ ಯಾರಾದರೂ ಬಾರದೆ ಆ ಲೆಕ್ಕ ತುಂಬುವುದಿಲ್ಲ. ಬೀದಿಯ ಈ ಗಿಜಿಗುಡುವಿಕೆಯನ್ನು ಯಹೂದಿ ಬದುಕಿನ ಪುನರುಜ್ಜೀವನ ಎನ್ನಲು ನನಗಂತೂ ಬಾಯಿ ಬಾರದು.

ಅದೇ ಬೀದಿಯ ದಕ್ಷಿಣಕ್ಕೆ ನಡೆದರೆ ಪರದೇಶಿಗಳಿಗಿಂತ ಹಿಂದೆಯೇ ಇಲ್ಲಿ ನೆಲೆಸಿದ್ದ ಮಲಬಾರಿ ಯಹೂದಿಗಳ ಕಡವುಂಭಾಗಂ ಸಿನಗಾಗ್. ಇದರ ಒಳಗಿನ ಮರದ ಕೆತ್ತನೆ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಕಟ್ಟಡ ಗೋದಾಮಾಗಿ ಸವೆದು, 2019ರ ಮಳೆಗಾಲದಲ್ಲಿ ಕುಸಿಯಿತು. ಇಂಥ ಹಳೇ ಮುರಕಲ್ಲಿನ ಕಟ್ಟಡ ಕೆಡುವುದು ತಲೆಯಿಂದ. ಹೆಂಚು ಸರಿದರೆ ಅದನ್ನು ಹೊತ್ತ ಮರದ ಪಕ್ಕಾಸು ಕೊಳೆಯುತ್ತದೆ, ನೀರು ಗೋಡೆಯ ನೆತ್ತಿಯಿಂದ ಇಳಿಯುತ್ತದೆ. ಮೇಲಿಂದ ಸಿಮೆಂಟ್ ಬಳಿದರೆ ಇನ್ನೂ ಕೇಡು: ಒಳಗಿನ ತೇವ ಆರಲು ದಾರಿಯಿಲ್ಲದೆ ಗಿಲಾವು ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ಪ್ರತಿವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಒಬ್ಬ ಆಳು ಸಾಕಿತ್ತು.

ಮಧ್ಯಾಹ್ನದ ಮೇಲೆ ಉತ್ತರಕ್ಕೆ, ಪರವೂರು ಮತ್ತು ಚೇಂದಮಂಗಲಕ್ಕೆ ಹೋದೆವು. ಎರಡೂ ಸಿನಗಾಗ್‌ಗಳನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಪರವೂರಿನಲ್ಲಿ ಬಾಗಿಲಿನಿಂದ ಪ್ರಾರ್ಥನಾಗೃಹದವರೆಗಿನ ಉದ್ದ ನಡಿಗೆದಾರಿಯನ್ನು ಅವಸರ ಮಾಡದೆ ದಾಟಿ. ಚೇಂದಮಂಗಲದ ಅಂಗಳದಲ್ಲಿ 1269ರ ಹೀಬ್ರೂ ಸಮಾಧಿಕಲ್ಲಿದೆ, ಸಾರಾ ಎಂಬ ಹೆಂಗಸಿನದು. ಕೆತ್ತಿದ ಅಕ್ಷರ ಕಾಣಲು ಓರೆ ಬಿಸಿಲು ಬೇಕು. ನಾಲ್ಕೂವರೆ ಹೊತ್ತಿಗೆ ಅದು ಸಿಕ್ಕಿತು.