ನೀರು ಅಳೆಯುವ ಕರಣಿಕ: ನಮ್ಮ ಕಡಲಾಟದ ಮೂರು ಹಡಗುಗಳು

ಚಿಕ್ಕಮಗಳೂರಿನ ನಮ್ಮ ತಂಡ ಆಡುತ್ತಿರುವ, ನಾನು ಕಥೆ ಹೇಳಿ ನಡೆಸುವ ಕಡಲ ಕ್ಯಾಂಪೇನಿನಲ್ಲಿ (ಒಬ್ಬೊಬ್ಬರೂ ಒಂದು ಪಾತ್ರ ವಹಿಸಿ, ದಾಳ ಉರುಳಿಸಿ, ಕಂತುಕಂತಾಗಿ ಮುಂದುವರಿಸುವ ಮೇಜಿನ ಕಥೆಯಾಟದಲ್ಲಿ) ಮಳೆಗಾಲದುದ್ದಕ್ಕೂ ಬಗೆಹರಿಯದೆ ಉಳಿದಿದ್ದ ತೊಡಕೊಂದು ಈ ವಾರ ಬಗೆಹರಿಯಿತು. ನಕ್ಷೆ, ಗಾಳಿಯ ಕೋಷ್ಟಕ, ಹಡಗುಕಾಳಗದ ನಿಯಮ ಇವುಗಳನ್ನು ಇಲ್ಲಿ ವಿವರಿಸುವುದಿಲ್ಲ. ಷಟ್ಕೋನದ ಹಾಳೆಯ ಮೇಲೆ ದ್ವೀಪ ಬಿಡಿಸಿ ದಾಳ ಉರುಳಿಸಿದವರಿಗೆಲ್ಲ ಅವು ಗೊತ್ತಿರುವ ಸಂಗತಿಗಳೇ. ತೊಡಕಿದ್ದದ್ದು ಹಡಗುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಹಡಗಿನ ಜನರಲ್ಲಿ. ಕೂವೆಮರ ಎಷ್ಟು, ಹಾಯಿಯ ಬಣ್ಣ ಯಾವುದು, ಮುಂತುದಿಯಲ್ಲಿ ಕೆತ್ತಿರುವ ಪ್ರಾಣಿ ಯಾವುದು ಎಂದು ಎಷ್ಟೇ ಸೊಗಸಾಗಿ ವರ್ಣಿಸಿದರೂ, ಮುಂದಿನ ಆಟದ ಹೊತ್ತಿಗೆ ಆಟಗಾರರಲ್ಲಿ ಉಳಿಯುತ್ತಿದ್ದದ್ದು ‘ಆ ಕೆಂಪು ಹಾಯಿಯದ್ದು’ ಎಂಬ ಮಾತಷ್ಟೇ. ನಾಯಕನ ಹೆಸರು ಕೇಳಿದರೆ ಎಲ್ಲರೂ ತಮ್ಮ ತಮ್ಮ ಹಾಳೆಗಳನ್ನು ತಿರುವುತ್ತಿದ್ದರು. ಒಳ್ಳೆಯ ಆಟಗಾರರು ಅವರು. ನೆನಪಿಟ್ಟುಕೊಳ್ಳಬೇಕಾದಂಥದ್ದು ಆ ಹಡಗುಗಳಲ್ಲಿ ಇರಲಿಲ್ಲ.

ಹಡಗಿನ ಒಡಲಿನ ಮಟ್ಟಿಗೆ ದಾರಿ ಬೇಗ ಸಿಕ್ಕಿತು. ಅರಬ್ಬೀ ಕಡಲಿನ ಹಳೆಯ ಹಡಗುಗಳಲ್ಲಿ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜೋಡಿಸದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಜಂತಾದ ಚಿತ್ರವೊಂದನ್ನು ಆಧರಿಸಿ ಅದೇ ಕ್ರಮದಲ್ಲಿ ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಹೊಲಿಗೆಯ ಹಡಗಿಗೆ ಕಾರಣ ಹೇಳುವ ಪುರಾತನ ಕಥೆಯೊಂದೂ ಇದೆ: ಕಡಲಿನಲ್ಲಿರುವ ಸೂಜಿಗಲ್ಲಿನ ಬಂಡೆಗಳು ಮೊಳೆಗಳನ್ನೆಲ್ಲ ಸೆಳೆದುಕೊಂಡು ಹಡಗನ್ನು ಬಿಚ್ಚಿಹಾಕುತ್ತವೆ ಎಂಬುದು ಆ ಕಥೆ. 6ನೆಯ ಶತಮಾನದ ಚರಿತ್ರಕಾರ ಪ್ರೊಕೋಪಿಯಸ್ ಇದನ್ನು ಬರೆದಿಟ್ಟು, ನಿಜವಲ್ಲವೆಂದೂ ಹೇಳಿದ್ದಾನೆ. ನಮ್ಮ ಕಲ್ಪಿತ ಕಡಲಿನಲ್ಲಿ ಅದು ನಿಜ. ಆದ್ದರಿಂದ ‘ಹೆಜ್ಜೇನು’ ಎಂಬ ನಮ್ಮ ಹೊಲಿಗೆಯ ಹಡಗನ್ನು ಹತ್ತುವವರು ಕತ್ತಿ, ಕೊಂಡಿ, ಸೂಜಿಯವರೆಗೆ ಎಲ್ಲ ಕಬ್ಬಿಣವನ್ನೂ ದಡದಲ್ಲೇ ಬಿಡಬೇಕು. ಹಡಗಿನಲ್ಲಿ ಸಿಗುವುದು ಕಂಚಿನ ಅಲಗು ಮತ್ತು ಮಣ್ಣಿನ ಮಡಕೆ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಹಿತ್ತಾಳೆಯ ಕಾರ್ಖಾನೆ ನಡೆಸುತ್ತಿದ್ದನೆಂದೂ, ಏಡನ್ನಿನವರು ಒಡೆದ ಪಾತ್ರೆಗಳನ್ನು ಕಳುಹಿಸಿ ಹೊಸದನ್ನು ಮಾಡಿಸಿಕೊಳ್ಳುತ್ತಿದ್ದರೆಂದೂ ಕೈರೋದಲ್ಲಿ ಸಿಕ್ಕ ಪತ್ರಗಳಿಂದ ತಿಳಿಯುತ್ತದೆ. ಹೆಜ್ಜೇನಿನ ಆಯುಧಗಳೆಲ್ಲ ಅಂಥ ಕಾರ್ಖಾನೆಯೊಂದರಿಂದಲೇ ಬರುತ್ತವೆ. ತನ್ನ ಕತ್ತಿಯನ್ನು ಬಿಟ್ಟು ಹತ್ತಬೇಕಾದ ಆಟಗಾರ್ತಿ ಆ ಹಡಗನ್ನು ಮರೆಯಲಿಲ್ಲ. ಹಡಗೊಂದು ನಮ್ಮಿಂದ ಏನನ್ನಾದರೂ ಕಿತ್ತುಕೊಂಡಾಗ ಅದು ನೆನಪಿನಲ್ಲಿ ಉಳಿಯುತ್ತದೆ ಎಂಬುದು ಅಲ್ಲಿ ಖಚಿತವಾಯಿತು.

ಆದರೆ ಹಡಗಿನ ಜನ ಮಾತ್ರ ಮೊದಲಿನಂತೆಯೇ ಮಸುಕಾಗಿದ್ದರು. ಇಲ್ಲಿ ನನಗೆ ನೆರವಾದದ್ದು ಅಬುಲ್ ಫಜಲ್. ಐನ್-ಎ-ಅಕ್ಬರಿಯಲ್ಲಿ ಅವನು ಹಡಗಿನ ಸಿಬ್ಬಂದಿಯನ್ನು 12 ವರ್ಗಗಳಾಗಿ ವಿಂಗಡಿಸಿ, ಒಬ್ಬೊಬ್ಬರ ಕೆಲಸವನ್ನೂ ಹೇಳುತ್ತಾನೆ. ಹಡಗಿನ ಯಜಮಾನನಾದ ನಾಖುದಾ, ನಕ್ಷತ್ರ ನೋಡಿ ದಾರಿ ಹೇಳುವ ಮುಅಲ್ಲಿಂ, ಖಲಾಸಿಗಳ ಮುಖ್ಯಸ್ಥನಾದ ತಂಡೇಲ, ಉಗ್ರಾಣ ನೋಡಿಕೊಳ್ಳುವ ಭಂಡಾರಿ, ಚುಕ್ಕಾಣಿ ಹಿಡಿಯುವವನು, ಕೂವೆಮರದ ತುದಿಯಲ್ಲಿ ನಿಂತು ನೆಲ, ಹಡಗು, ಬಿರುಗಾಳಿ ಕಂಡಾಗ ಕೂಗಿ ಹೇಳುವ ಪಂಜರಿ, ಒಳಗೆ ಸೋರಿದ ನೀರನ್ನು ಮೊಗೆದು ಚೆಲ್ಲುವವನು, ಫಿರಂಗಿ ಹಾರಿಸುವವನು ಎಂದು ಪಟ್ಟಿ ಸಾಗುತ್ತದೆ. ಹನ್ನೆರಡು ಮಂದಿಗೂ ಹೆಸರು, ಚಹರೆ, ಮಾತಿನ ಧಾಟಿ ಕೊಟ್ಟು ಆಡಿಸಿದರೆ ಆಟಗಾರರ ತಲೆಯಲ್ಲಿ ಒಬ್ಬರೂ ನಿಲ್ಲುವುದಿಲ್ಲ. ನಾಖುದಾನೊಬ್ಬನನ್ನೇ ಮುಂದೆ ಮಾಡಿದರೆ ಹಡಗೆಂಬುದು ಅವನ ಸ್ವಂತ ಮನೆಯಾಗಿಬಿಡುತ್ತದೆ, ಉಳಿದವರು ಕೇವಲ ಸಂಖ್ಯೆಯಾಗುತ್ತಾರೆ. ಈ ಎರಡರ ನಡುವೆ ನಾನು ಬಹಳ ಕಾಲ ಸಿಕ್ಕಿಕೊಂಡಿದ್ದೆ.

ಬಿಡಿಸಿದ್ದು ಅದೇ ಪಟ್ಟಿಯ ಒಂದು ಸಾಲು. ಹಡಗಿನ ಲೆಕ್ಕ ಬರೆಯುವ ಕರಾಣಿಯೇ ಪ್ರಯಾಣಿಕರಿಗೆ ಕುಡಿಯುವ ನೀರನ್ನೂ ಹಂಚುತ್ತಾನೆ ಎಂದು ಅಲ್ಲಿದೆ. ಲೆಕ್ಕದ ಪುಸ್ತಕವೂ ನೀರಿನ ಸೌಟೂ ಒಬ್ಬನ ಕೈಯಲ್ಲೇ ಇದ್ದರೆ, ಹಡಗಿನಲ್ಲಿ ನಾಖುದಾನಿಗಿಂತ ಹೆಚ್ಚು ಜನರ ಮುಖ ನೋಡುವವನು ಅವನೇ. ನಮ್ಮ ಆಟದಲ್ಲಿ ಅವನನ್ನು ಕರಣಿಕ ಎಂದು ಕರೆದೆ. ಮಲೆನಾಡಿನ ಸೆರಗಿನಲ್ಲಿ ಬೆಳೆದ ನಮ್ಮ ತಂಡದವರಿಗೆ ನೀರು ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನಿಂದ ಸುರಿಯುವ ವಸ್ತು. ಬಾಯಾರಿಕೆಯನ್ನು ಅಪಾಯವೆಂದು ಅವರು ಆಟದಲ್ಲಿ ಎಂದೂ ಎಣಿಸಿರಲಿಲ್ಲ. ನಾಲ್ಕೂ ದಿಕ್ಕಿಗೆ ನೀರೇ ಇರುವ ಜಾಗದಲ್ಲಿ ಒಂದು ಸೌಟು ನೀರಿಗಾಗಿ ಒಬ್ಬನ ಮುಂದೆ ದಿನವೂ ನಿಲ್ಲಬೇಕಾಗಿ ಬಂದಾಗ, ಆ ಒಬ್ಬನ ಹೆಸರು, ಅವನ ಊರು, ಅವನ ಸಿಟ್ಟು ಎಲ್ಲವೂ ಅವರಿಗೆ ಬೇಕಾಯಿತು.

ನಿಯಮ ಸರಳವಾಗಿದೆ. ಪ್ರತಿ ಹಡಗಿಗೂ ಒಂದು ನೀರಿನ ದಾಳ. ದಿನಕ್ಕೊಮ್ಮೆ ಉರುಳಿಸಬೇಕು, 1 ಅಥವಾ 2 ಬಿದ್ದರೆ ಅದಕ್ಕಿಂತ ಕಡಿಮೆ ಮುಖಗಳ ಮುಂದಿನ ದಾಳಕ್ಕೆ ಇಳಿಯಬೇಕು. 12 ಮುಖದ್ದು ಸರಾಸರಿ 6 ದಿನ ಬಾಳುತ್ತದೆ, 10ರದ್ದು 5, 8ರದ್ದು 4, 6ರದ್ದು 3, 4ರದ್ದು 2. ಹನ್ನೆರಡರಿಂದ ಆರಂಭಿಸಿದರೆ ಒಟ್ಟು 20 ದಿನಗಳ ನೀರು. ದಾಳ ಇಳಿದಾಗಲೆಲ್ಲ ಕರಣಿಕ ಯಾರಾದರೊಬ್ಬರ ಪಾಲನ್ನು ಕಡಿಮೆ ಮಾಡಲೇಬೇಕು, ಮತ್ತು ಆ ಹೆಸರನ್ನು ನಾನು ಮೊದಲು ಚೀಟಿಯಲ್ಲಿ ಬರೆದು ಆಮೇಲೆ ಓದುತ್ತೇನೆ. ಲೇಖನಿ ಕೈಗೆತ್ತಿಕೊಂಡ ಕೂಡಲೇ ಗೆಳೆಯರೊಬ್ಬರು, “ಬರೀಬೇಡಿ ಮಾರಾಯ್ರೆ, ಮೊದಲು ಅವನ ಹತ್ರ ಮಾತಾಡುವ” ಎಂದು ಕುರ್ಚಿಯಿಂದ ಎದ್ದೇಬಿಟ್ಟರು. ಇಷ್ಟು ಕಾಲ ನಾನು ಬಯಸಿದ್ದು ಆ ಮಾತನ್ನೇ.

ದಾಳಗಳ ವಿಷಯದಲ್ಲಿ ಬೆಂಗಳೂರಿನ ವ್ಯಾಪಾರಿಯೊಬ್ಬರ ಮೇಲೆ ನನಗೆ ದೂರಿದೆ. ಪೂರ್ತಿ ಸೆಟ್ಟುಗಳೆಂದು ಹಣ ತೆಗೆದುಕೊಂಡು ಕಳುಹಿಸಿದ ಪೊಟ್ಟಣಗಳಲ್ಲಿ 12 ಮುಖದ ದಾಳವೇ ಇರಲಿಲ್ಲ, ಅದರ ಜಾಗದಲ್ಲಿ 20 ಮುಖದ್ದು ಎರಡೆರಡು. ಬದಲಿಸಿ ಕೊಡಿರೆಂದರೆ ಉತ್ತರವಿಲ್ಲ. ತಂಡದಲ್ಲಿದ್ದ ಹಳೆಯ ಹನ್ನೆರಡರ ದಾಳ ಒಂದೇ ಆದ್ದರಿಂದ ಅದನ್ನು ಒಂದೇ ಹಡಗಿಗೆ ಕೊಡಬೇಕಾಯಿತು. ಉಳಿದವು ಹತ್ತು ಮತ್ತು ಎಂಟರಿಂದ ಆರಂಭವಾದವು, ಅಂದರೆ 14 ಮತ್ತು 9 ದಿನ. ಹೀಗೆ ಹಡಗಿನ ಪೀಪಾಯಿಯ ಗಾತ್ರವೇ ಅದರ ಸ್ವಭಾವವಾಯಿತು. ಒಂಬತ್ತು ದಿನದ ನೀರಿರುವ ಹೆಜ್ಜೇನು ದಡವನ್ನು ಬಿಟ್ಟು ದೂರ ಹೋಗಲಾರದು, ದೀರ್ಘ ಪಯಣದ ಹಡಗೇ ಬೇರೆ.

ಆ ದೀರ್ಘ ಪಯಣದ ಹಡಗೇ ‘ಮಂದಗಮನೆ’, ಮೂರರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಅದರ ಬೀಜ ನಮ್ಮ ಕಾಫಿಯ ಚರಿತ್ರೆಯಲ್ಲಿದೆ. ಹಾಯಿಹಡಗುಗಳ ಕಾಲದಲ್ಲಿ ಇಲ್ಲಿಯ ಕಾಫಿ ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಯುರೋಪ್ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದು, ಕಡಲಿನ ತೇವ ಕುಡಿದ ಬೀಜ ಉಬ್ಬಿ, ಹಸಿರು ಹೋಗಿ ಮಸುಕು ಹೊಂಬಣ್ಣಕ್ಕೆ ತಿರುಗಿ, ಹುಳಿ ತಗ್ಗಿ ಬೇರೆಯದೇ ರುಚಿ ಪಡೆಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪಯಣ ಚಿಕ್ಕದಾದ ಮೇಲೆ ಆ ರುಚಿ ಕಾಣೆಯಾಯಿತು. ಅದಕ್ಕೇ ಇಂದಿಗೂ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮುಂಗಾರಿನ ಗಾಳಿಗೆ ಒಡ್ಡಿ ‘ಮಾನ್ಸೂನ್ಡ್’ ಕಾಫಿ ಮಾಡುತ್ತಾರೆ. ಮಂದಗಮನೆಯ ಸರಕಿಗೂ ಇದೇ ಗುಣವಿದೆ: ತಡವಾದಷ್ಟೂ ಅದರ ಬೆಲೆ ಏರುತ್ತದೆ. ಆದ್ದರಿಂದ ನಾಖುದಾನಿಗೆ ದಡ ಸೇರುವ ಆತುರವಿಲ್ಲ, ಖಲಾಸಿಗಳಿಗೆ ಮನೆಯ ಹಂಬಲ, ಕರಣಿಕನಿಗೆ ಇಳಿಯುತ್ತಿರುವ ನೀರಿನ ಲೆಕ್ಕ. ಪಂಜರಿ ನೆಲ ಕಂಡ ದಿನವೂ ಬಾಯಿ ಬಿಡದಿರಲು ನಾಖುದಾನಿಂದ ಹಣ ಪಡೆದಿದ್ದಾನೆ. ಭಂಡಾರಿಗೆ ಅದು ಗೊತ್ತಿದೆ. ಪ್ರತಿ ಹಡಗಿಗೂ ಈಗ ಮೂವರನ್ನಷ್ಟೇ ಮುಂದೆ ತರುತ್ತೇನೆ: ನೀರು ಕೊಡುವವನು, ಅನ್ನ ಕೊಡುವವನು, ಮೊದಲು ಕಾಣುವವನು. ಮೂವರಲ್ಲಿ ಒಬ್ಬನಿಗೆ ಇನ್ನೊಬ್ಬನ ಋಣವಿರಬೇಕು, ಮೂರನೆಯವನಿಗೆ ಅದು ತಿಳಿದಿರಬೇಕು. ಉಳಿದ ಒಂಬತ್ತು ವರ್ಗದವರು ಕೆಲಸ ಮಾಡಿಕೊಂಡು ಹಿಂದೆ ಇರುತ್ತಾರೆ, ಕಥೆ ಕರೆದಾಗ ಬರುತ್ತಾರೆ.

ಪಾತ್ರದ ಕಾರ್ಡುಗಳನ್ನು ಊರಿನ ಮುದ್ರಣದಂಗಡಿಯೊಂದರಲ್ಲಿ ಮಾಡಿಸಿದೆ. ಹೊಳಪಿಲ್ಲದ ದಪ್ಪ ಕಾಗದವನ್ನು ತೋರಿಸಿ, ಹೊಳಪಿನದನ್ನು ಮುದ್ರಿಸಿ ಕೊಟ್ಟರು; ನಮ್ಮ ಜುಲೈನ ತೇವಕ್ಕೆ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಭಂಡಾರಿಯ ಮುಖ ಕರಣಿಕನ ಬೆನ್ನಿಗೆ ಹೋಯಿತು. ಮಲೆನಾಡಿನಲ್ಲಿ ಈ ಹವ್ಯಾಸ ಮಾಡುವವರು ಸಾದಾ ರಟ್ಟಿನ ಮೇಲೆ ಕೈಯಿಂದಲೇ ಬರೆಯುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ.

ಈ ಕೆಲಸದ ನಡುವೆಯೇ ಮುಂದಿನ ಆಟದ ಯೋಚನೆಯೂ ಹುಟ್ಟಿದೆ. ಹಡಗಿಗೆ ತುಂಬುವ ಸರಕು ಬಂದರಿಗೆ ಬರುವುದು ಘಟ್ಟ ಇಳಿದು. ಹೇರೆತ್ತುಗಳ ಸಾಲೊಂದು ಮೆಣಸು, ಏಲಕ್ಕಿ, ಕಾಫಿ ಹೊತ್ತು ಇಳಿದು, ಉಪ್ಪು, ಒಣಮೀನು ಹೊತ್ತು ಮರಳುವ ಆಟವದು. ಕೊಟ್ಟಿಗೆಹಾರದ ಮಂಜಿನಿಂದ ಚಾರ್ಮಾಡಿ ಇಳಿದು ನೇತ್ರಾವತಿಯ ದಡ ಹಿಡಿಯುವ ದಾರಿಯನ್ನೇ ನಕ್ಷೆಗೆ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ಅಲ್ಲಿ ನೀರಿನ ದಾಳದ ಬದಲು ಎತ್ತಿನ ಗೊರಸಿನ ದಾಳ ಬರುತ್ತದೆ. ಆದರೆ ಕಡಲಾಟ ಮುಗಿಯದೆ ಅದನ್ನು ಮುಟ್ಟುವುದಿಲ್ಲವೆಂದು ತಂಡಕ್ಕೆ ಮಾತು ಕೊಟ್ಟಿದ್ದೇನೆ.

ಏಕೆಂದರೆ ಮೂರನೆಯ ಹಡಗು ‘ಗರುಡಗಂಬ’ ಇನ್ನೂ ಬಾಕಿಯಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಕಂಬ ಇಮ್ಮಡಿ ವೀರಬಲ್ಲಾಳನ ಮರಣದ ಬಳಿಕ ಪ್ರಾಣ ನೀಡಿದ ಕುವರ ಲಕ್ಷ್ಮ ಮತ್ತು ಅವನ ಜೊತೆಯವರದ್ದು; ಒಡೆಯನೊಂದಿಗೇ ಸಾಯುವ ಪ್ರತಿಜ್ಞೆ ಮಾಡಿದ ಅಂಥವರನ್ನು ಗರುಡರೆನ್ನುತ್ತಿದ್ದರು. ಈ ಹಡಗಿನ ಖಲಾಸಿಗಳೆಲ್ಲ ಗರುಡರು, ಅವರ ನಾಖುದಾ ವೃದ್ಧ ಮತ್ತು ರೋಗಿ. ಅವನು ಕೆಮ್ಮಿದರೆ ಹಗ್ಗ ಎಳೆಯುವ ಕೈಗಳೆಲ್ಲ ನಿಲ್ಲುತ್ತವೆ. ಈ ಹಡಗನ್ನು ಕಾಳಗದಲ್ಲಿ ಗೆಲ್ಲುವುದೆಂದರೆ ಅಷ್ಟೂ ಜನರನ್ನು ಕೊಂದಂತೆ, ಹಾಗಾಗಿ ಆಟಗಾರರು ಶತ್ರುವಿನ ನಾಯಕನನ್ನೇ ಬದುಕಿಸಲು ಓಡಾಡಬೇಕಾಗುತ್ತದೆ. ಪ್ರತಿಜ್ಞೆಯನ್ನು ಇನ್ನೊಬ್ಬ ಒಡೆಯನಿಗೆ ವರ್ಗಾಯಿಸುವ ನಿಯಮ ಇರಲೆಂದು ತಂಡದಲ್ಲಿ ಇಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ, ವರ್ಗಾಯಿಸಬಹುದಾದ ಪ್ರತಿಜ್ಞೆಗೆ ಆ ಕಂಬದ ತೂಕ ಬಾರದು. ಬದಲಿಗೆ ಒಂದು ಬಾಗಿಲನ್ನು ತೆರೆದಿಟ್ಟಿದ್ದೇನೆ. ಅಷ್ಟು ಜನರಲ್ಲಿ ಕರಣಿಕನೊಬ್ಬ ಮಾತ್ರ ಪ್ರತಿಜ್ಞೆ ಮಾಡಿಲ್ಲ, ಏಕೆಂದರೆ ಉಳಿದವರ ಹೆಸರುಗಳನ್ನು ಬರೆಯಲು ಒಬ್ಬ ಬದುಕಿರಬೇಕು. ಅವನೊಂದಿಗೆ ಮಾತು ಕುದುರಿದರೆ ಔಷಧದ ಪೆಟ್ಟಿಗೆ ಎಲ್ಲಿದೆಯೆಂದು ಹೇಳುತ್ತಾನೆ. ಮುಂದಿನ ಆಟದಲ್ಲಿ ನೀರಿನ ದಾಳದ ಪಕ್ಕದಲ್ಲಿ ಔಷಧದ ದಾಳವನ್ನೂ ಇಡಬೇಕು. ನಾಲ್ಕು ಮುಖದ್ದಾದರೆ ಸರಾಸರಿ 2 ದಿನ, ಆರರಿಂದ ಆರಂಭಿಸಿದರೆ 5. ನಕ್ಷೆಯಲ್ಲಿ ವೈದ್ಯರಿರುವ ಬಂದರು 4 ದಿನಗಳ ದೂರದಲ್ಲಿದೆ. ಆದ್ದರಿಂದ ಆರರಿಂದಲೇ ಆರಂಭಿಸುತ್ತೇವೆ.