ಎಷ್ಟು ಬರ್ಬೇಕು ಸರ್?

ಮೊನ್ನೆ ಮಂಗಳವಾರ ನಾನು ಕಲಿಸುವ ಫಿಸಿಕ್ಸ್ ಲ್ಯಾಬಿನಲ್ಲಿ ಕರೆಂಟ್ ಇಲ್ಲ. ಕಾಸರಗೋಡಿನ ಮಳೆ ಗೊತ್ತಲ್ಲ. ಸೋಡಿಯಂ ಲ್ಯಾಂಪ್ ಉರಿಯದೆ ನ್ಯೂಟನ್ಸ್ ರಿಂಗ್ಸ್ ಎಂಬ ಬೆಳಕಿನ ಬಳೆಗಳು ಎಲ್ಲಿಂದ ಕಾಣಬೇಕು? ಸುಮ್ನೆ ಕೂರುವುದು ಬೇಡ ಅಂತ ಎಲ್ಲರನ್ನೂ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಮೇಲಿನ ಮಾಳಿಗೆಯ ಕಂಬಿಯಿಂದ ನೈಲಾನ್ ದಾರ, ತುದಿಗೆ ಸುಲಿದ ತೆಂಗಿನಕಾಯಿ. ಗಂಟು ಹಾಕಿದ್ದು ನಮ್ಮ ಅಟೆಂಡರ್; ಆ ಲ್ಯಾಬಿನ ವಿಷಯ ನನಗಿಂತ ಅವರಿಗೇ ಜಾಸ್ತಿ ಗೊತ್ತು.

ಕಂಬಿಯಿಂದ ಕಾಯಿಯ ನಡುವಿಗೆ 4 ಮೀಟರ್. ಒಬ್ಬಳು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. ಕಾಯಿ ಹೋಗಿ ಬಂದು ಅದೇ ದಿಕ್ಕಿನಲ್ಲಿ ಗೆರೆ ದಾಟಿದಾಗ ಒಂದು. ಕನ್ನಡ, ಮಲಯಾಳ, ತುಳು ಎಲ್ಲದರಲ್ಲೂ ಎಣಿಸಿದರು, ಹಬ್ಬದ ಹಾಗೆ. 20 ಸುತ್ತಿಗೆ 80.6 ಸೆಕೆಂಡ್. ಉದ್ದ, ಸಮಯ ಹಿಡಿದು ಲೆಕ್ಕ ಹಾಕಿದರೆ ಜಿ ಬೆಲೆ, ಅಂದರೆ ಭೂಮಿಯ ಎಳೆತಕ್ಕೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಏರುವ ಪ್ರಮಾಣ, 9.72.

ಹಬ್ಬ ಅಲ್ಲಿಗೆ ಮುಗಿಯಿತು.

"ಎಷ್ಟು ಬರ್ಬೇಕು ಸರ್?"

"ಬಂತಲ್ಲ ಮಾರಾಯ."

"ಅಲ್ಲ ಸರ್, ಬರ್ಬೇಕಾದ್ದು 9.81 ಅಲ್ವಾ? 80.2 ಅಂತ ಬರೆದ್ರೆ ಹತ್ತಿರ ಬರ್ತದೆ."

ಹುಡುಗ ಪೆದ್ದನಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಹುಡುಕಿದ್ದ, ಅದೂ ಒಂದು ನಿಮಿಷದೊಳಗೆ. ಇಷ್ಟು ಚುರುಕುತನ ನಿಜವಾದ ಲೆಕ್ಕದಲ್ಲಿ ಯಾವತ್ತೂ ತೋರಿಸಿದವನಲ್ಲ. ಬೈಯಲು ಬಾಯಿ ಬರಲಿಲ್ಲ. ನಾನೂ ಡಿಗ್ರಿಯಲ್ಲಿ ಸೀನಿಯರ್ ಒಬ್ಬನ ರೆಕಾರ್ಡ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಪ್ರಯೋಗ ಮಾಡಿದವನು, ಕೊನೆಯ ಅಂಕಿ ಮಾತ್ರ ಸ್ವಲ್ಪ ಬದಲಾಯಿಸಿ, ಅನುಮಾನ ಬಾರದ ಹಾಗೆ.

ತಮಾಷೆ ಏನೆಂದರೆ 9.81 ನಮ್ಮ ಊರಿನ ಬೆಲೆಯೇ ಅಲ್ಲ. ಭೂಮಿ ತಿರುಗುತ್ತದೆ, ನಡು ಉಬ್ಬಿದೆ, ಹಾಗಾಗಿ ಸಮಭಾಜಕದ ಹತ್ತಿರ ಜಿ ಕಡಿಮೆ. ಇಲ್ಲಿ ಸುಮಾರು 9.78. ಲಂಡನ್, ಪ್ಯಾರಿಸ್ ಕಡೆ ಅಳೆದರೆ 9.81. ಕಾಸರಗೋಡಿನಲ್ಲಿ ಕಾಯಿ ತೂಗಿಸಿ ಲಂಡನ್ನಿನ ಉತ್ತರ ಬರಲಿಲ್ಲ ಅಂತ ಬೇಜಾರು! ಸ್ಟಾಪ್‌ವಾಚ್ ಒತ್ತುವ ಬೆರಳು 0.3 ಸೆಕೆಂಡ್ ತಡವಾದರೂ ಸಾಕು, ಜಿ 0.07ರಷ್ಟು ಇಳಿಯುತ್ತದೆ. ಅಂದರೆ ಮಕ್ಕಳು ಅಳೆದದ್ದು ಚೆನ್ನಾಗಿಯೇ ಇತ್ತು.

ಇದನ್ನೆಲ್ಲ ಹೇಳಿದೆ. ತಲೆ ಆಡಿಸಿದರು. ಆದರೂ ಆ "ಎಷ್ಟು ಬರ್ಬೇಕು" ನಾಲ್ಕು ದಿನವಾದರೂ ಕಿವಿಯಿಂದ ಹೋಗಿಲ್ಲ. ಮನೆಯಲ್ಲಿ ಅನ್ನಕ್ಕೆ ನೀರು ಅಳೆಯುವಾಗಲೂ ಅದೇ. ಅದನ್ನು ಕಲಿಸಿದ್ದು ನಾವೇ ಅಲ್ವಾ, ಉತ್ತರ ತಪ್ಪಿದ ಪುಟಕ್ಕೆ "ರಿಪೀಟ್" ಅಂತ ಕೆಂಪು ಶಾಯಿಯಲ್ಲಿ ಬರೆದು ಬರೆದು.

ಸೀಮೆಸುಣ್ಣದ ಹುಡುಗಿ ಮಾತ್ರ 9.72 ಎಂದೇ ಬರೆದು ಸಹಿಗೆ ತಂದಳು. ಪೆನ್ನು ತೆರೆಯುವಾಗ ಮೆಲ್ಲಗೆ ಕೇಳಿದಳು, "ಎಕ್ಸ್‌ಟರ್ನಲ್ ಎಕ್ಸಾಮಿನರ್ ಮಾರ್ಕ್ ಕಟ್ ಮಾಡಿದ್ರೆ ಎಂತ ಮಾಡುದು ಸರ್?"

ಸಹಿ ಹಾಕಿದೆ. ಉತ್ತರ ಹೇಳಲಿಲ್ಲ.